ಸ್ವಂತ ವಾಕ್ಯದಲ್ಲಿ ಬಳಸಿ

ಭಾನುವಾರ ಹತ್ತೂವರೆ. ಹಾಸನದ ಬಿ.ಎಂ. ರಸ್ತೆ,
ಟೈರಂಗಡಿಯ ಮೇಲಿನ ಮಹಡಿ, ಹನ್ನೊಂದು ಕುರ್ಚಿ.
ಎವ್ಲಿನ್ ಮಿಸ್ ಬೋರ್ಡಿನ ಮೇಲೆ ಬರೆದರು:
ದಿ ವರ್ಲ್ಡ್ ಈಸ್ ಯುವರ್ ಆಯ್‌ಸ್ಟರ್.
ಕೆಳಗೆ ಗಾಳಿ ತುಂಬುವ ಯಂತ್ರ ಏದುಸಿರು ಬಿಡುತ್ತಿತ್ತು.

ಆಯ್‌ಸ್ಟರ್ ಅಂದರೆ?
ರೇಹಾನಾ ಡಿಕ್ಷನರಿ ತೆಗೆದು ಓದಿದಳು:
ಸಿಂಪಿ... ಕಪ್ಪೆಚಿಪ್ಪು.
ಲೋಕವೆಲ್ಲ ನಿನ್ನ ಕಪ್ಪೆಚಿಪ್ಪು!
ಹಿಂದಿನ ಸಾಲಿನವರು ನಕ್ಕರು. ಮಿಸ್ಸೂ ನಕ್ಕರು.

ಮೊದಲು ಕೈಯೆತ್ತಿದವಳು ನಾನೇ:
ಸೂಪರ್‌ವೈಸರ್ ಪೋಸ್ಟು ದಯಾನಂದನಿಗೆ ಹೋಯಿತು,
ದಿ ವರ್ಲ್ಡ್ ಈಸ್ ಮೈ ಆಯ್‌ಸ್ಟರ್.
ಲೋಕ ಕೈಗೆ ಚಿಪ್ಪು ಕೊಡುವುದು
ನನಗೇನು ಹೊಸದೇ?

ತಪ್ಪು ಪುಟ್ಟಲಕ್ಷ್ಮಿ, ಪೂರಾ ಉಲ್ಟಾ.
ಇದು ಖಾಲಿ ಚಿಪ್ಪಲ್ಲ, ಮುತ್ತಿರುವ ಚಿಪ್ಪು.
ಎಲ್ಲಿಗಾದರೂ ಹೋಗಬಹುದು, ಏನಾದರೂ ಆಗಬಹುದು,
ಅಂಥವರಿಗೆ ಹೇಳುವ ಮಾತು.
ಸೋತು ಬಂದವರ ಮುಂದೆ ಆಡಬೇಡ,
ಅಣಕಿಸಿದಂತಾಗುತ್ತದೆ.

ಬರಕೊಂಡೆ.
ಆದರೆ ಮಿಸ್,
ನಮ್ಮಜ್ಜಿ ಹೊಂಬಾಳಮ್ಮ
ಹೇಮಾವತಿಯ ಮರಳಲ್ಲಿ ಹೆಕ್ಕಿದ ಚಿಪ್ಪಿನೊಳಗೆ
ಮುತ್ತು ಹುಡುಕಿದವಳೇ ಅಲ್ಲ.
ಅದರ ಬೆನ್ನನ್ನು ಒರಳುಕಲ್ಲಿಗೆ ಉಜ್ಜಿ ಉಜ್ಜಿ
ತೂತು ಬೀಳಿಸಿ, ತೂತಿನ ಅಂಚಿನಲ್ಲಿ
ಮಾವಿನಕಾಯಿ ಹೆರೆಯುತ್ತಿದ್ದಳು.
ಸಿಪ್ಪೆ ಹಸಿರು ದಾರದ ಹಾಗೆ ಒಳಗಿಂದ ಇಳಿಯುತ್ತಿತ್ತು.
ನನಗೂ ಒಂದು ಉಜ್ಜಿಕೊಟ್ಟಿದ್ದಳು,
ಎಲ್ಲೋ ಕಳೆದುಬಿಟ್ಟೆ.

ಇದನ್ನು ಹೇಳಲಿಲ್ಲ.
ಇಂಗ್ಲಿಷಿನಲ್ಲಿ ಹೇಳಬೇಕಿತ್ತು.

ಸೋಮವಾರ, ಕಾಜಾ ಮಿಷನ್ನಿನ ಮುಂದೆ.
ಈ ಸಲದ ಆರ್ಡರಿಗೆ ಪ್ಲಾಸ್ಟಿಕ್ ಗುಂಡಿಯಲ್ಲ,
ಡಬ್ಬಿಯ ಮೇಲೆ ಬರೆದಿದೆ: ಶೆಲ್.
ಒಂದನ್ನು ಟ್ಯೂಬ್‌ಲೈಟಿಗೆ ಹಿಡಿದೆ.
ಒಳಗೆ ಹೊಳೆಯ ಮುಂಜಾವು,
ನಡುವೆ ನಾಲ್ಕು ತೂತು.
ಎಣಿಸಿ ಕೊಡುತ್ತಾರೆ, ಎಣಿಸಿ ವಾಪಸು ತೆಗೆದುಕೊಳ್ಳುತ್ತಾರೆ.
ಒಂದು ಕಡಿಮೆ ಬಿದ್ದರೆ ದಯಾನಂದನ ಮೇಜಿಗೆ ಹೋಗಿ ಸಹಿ.

ಊಟದ ಬಿಡುವಿನಲ್ಲಿ ರೇಹಾನಾ ಸಿಹಿ ಹಂಚಿದಳು,
ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆಯಂತೆ.
ಬಾಯಿತುಂಬ ಮೈಸೂರುಪಾಕು ಇಟ್ಟುಕೊಂಡೇ ಅಂದೆ:
ದಿ ವರ್ಲ್ಡ್ ಈಸ್ ಹರ್ ಆಯ್‌ಸ್ಟರ್.
ತುಪ್ಪದ ಬೆರಳೆತ್ತಿ ಅವಳು
ಗಾಳಿಯಲ್ಲೊಂದು ರೈಟು ಹಾಕಿದಳು.

ಹಾಸ್ಟೆಲಿಗೆ ಹೊರಡುವ ಮುಂಚೆ ಆ ಹುಡುಗಿಗೆ
ಒಂದು ಚಿಪ್ಪು ಉಜ್ಜಿಕೊಡಬೇಕು.
ಹೊಳೆಯ ಮರಳನ್ನು ಲಾರಿಗಳು
ಒಂದಿಷ್ಟಾದರೂ ಬಿಟ್ಟಿವೆಯೋ ಏನೋ,
ಹೋಗಿ ನೋಡಬೇಕು.