ಪಾವಿನೊಳಗಿನ ಹೆಬ್ಬೆರಳು

ಮೊದಲು ಅದು ಒಂಬತ್ತೇ ಸಾಲು.
ನಿಜ್ವಾದ ನೀರಿನ ಕಚೇರಿ, ಎರಡನೇ ಮಹಡಿ.
ತಿಂಗಳ ಕೊನೆಗೆ ಬಿಲ್ಲು ಹೊಸೆಯುವ ಪ್ರೋಗ್ರಾಮು ಎರಡಿದ್ದವು:
ಹಳೆಯದೊಂದು, ನಾನು ಬರೆದದ್ದೊಂದು.
ಯಾವುದು ಚುರುಕು ಎಂದರು ಸಾಹೇಬರು.
ಕಪ್ಪು ಪರದೆಯಲ್ಲಿ ಒಂದು ಪದ ಕುಟ್ಟಿದರೆ
ಶುರುವಿನ ಗಳಿಗೆ ಹಿಡಿ, ಮುಗಿದ ಗಳಿಗೆ ಹಿಡಿ, ಕಳೆ,
ಉಳಿದದ್ದನ್ನು ತೋರಿಸು.
ಅಷ್ಟೇ. ಹೆಸರು ಪಾವು,
ದಾವಣಗೆರೆಯಲ್ಲಿ ಜೈತೂನಬಿ ಫುಪ್ಪು
ಮಂಡಕ್ಕಿ ಅಳೆಯುತ್ತಿದ್ದ ಹಿತ್ತಾಳೆಯ ಗುರುತಿಗೆ.

ಮೊದಲ ಸಲ ಹನ್ನೊಂದು ನಿಮಿಷ.
ಎರಡನೇ ಸಲ ಏಳು.
ಅದೇ ಬಿಲ್ಲು, ಅದೇ ಯಂತ್ರ, ಅದೇ ನಾನು.

ನೂರು ಸಲ ಓಡಿಸಿ ಸರಾಸರಿ ತೆಗೆದೆ.
ಆಗಸ್ಟಿನ ಮಧ್ಯಾಹ್ನ, ಏಸಿ ಕೈಕೊಟ್ಟ ಒಂದು ತಾಸು
ಯಂತ್ರ ಮೈ ಕಾದು ಏದುಸಿರು ಬಿಟ್ಟಿತು;
ಆ ನಾಲ್ಕು ಓಟ ಉಳಿದ ತೊಂಬತ್ತಾರರ ಮಾನ ಕಳೆದವು.
ಫುಪ್ಪು ತುಂಬಿದ ಪಾವಿನ ತಲೆಯನ್ನು
ಅಂಗೈಯಿಂದ ಸವರಿಬಿಡುತ್ತಿದ್ದಳು,
ಗೋಪುರ ಕಟ್ಟಿದ್ದೆಲ್ಲ ಚೀಲಕ್ಕೇ ವಾಪಸ್ಸು.
ನಾನೂ ಸವರಿದೆ. ಓಟಗಳನ್ನು ಎತ್ತರದ ಪ್ರಕಾರ ನಿಲ್ಲಿಸಿ
ನಟ್ಟನಡುವಿನದರ ಕೈ ಹಿಡಿದೆ.
ಆದರೂ ಮೊದಲ ಓಟ ಪ್ರತಿ ಸಲವೂ ಮೊಂಡು.

ಪಕ್ಕದ ಮೇಜಿನ ನಾಸಿರ್ ಅಲ್ ಅಬ್ರಿ ನಕ್ಕ.
ಶುಕ್ರವಾರ ಅವನ ಊರು ಅಲ್ ಹಮ್ರಾಕ್ಕೆ ಕರೆದೊಯ್ದ.
ಬೆಟ್ಟದ ಬುಡದಿಂದ ಖರ್ಜೂರದ ತೋಟಗಳಿಗಿಳಿಯುವ ಫಲಜ್ ಕಾಲುವೆ,
ಬಯಲಲ್ಲಿ ನೆಟ್ಟ ಒಂದು ಗಳು, ಸುತ್ತ ಕಲ್ಲು.
ನೆರಳು ಈ ಕಲ್ಲಿನಿಂದ ಆ ಕಲ್ಲಿಗೆ: ಒಬ್ಬನ ಪಾಲಿನ ನೀರು.
ರಾತ್ರಿಯ ಪಾಲಿಗೆ ಚುಕ್ಕಿಗಳು.
ಮೋಡ ಮುಚ್ಚಿದರೆ? ಎಂದೆ.
ಅವನಜ್ಜ ತೋಳು ಸರಿಸಿ ಕೈಗಡಿಯಾರ ತೋರಿಸಿದ.

ಅಜ್ಜ ಅರಬಿಯಲ್ಲಿ ಹೇಳಿದ್ದನ್ನು ನಾಸಿರ್ ಹಿಂದಿಯಲ್ಲಿ ಹೇಳಿದ,
ನಾನು ಕನ್ನಡದಲ್ಲಿ ಕೇಳಿಸಿಕೊಂಡೆ:
ಒಣಗಿದ ಕಾಲುವೆ ಮೊದಲ ನೀರನ್ನು ತಾನೇ ಕುಡಿಯುತ್ತದೆ.
ಅದು ನೆನೆಯಲಿ. ಆಮೇಲೆ ಎಣಿಸು.

ನೆನೆಯುವುದು.
ಒದ್ದೆಯಾಗುವುದಕ್ಕೂ ಜ್ಞಾಪಿಸಿಕೊಳ್ಳುವುದಕ್ಕೂ ನಮ್ಮಲ್ಲಿ ಒಂದೇ ಮಾತು.
ಯಂತ್ರವೂ ಮೊದಲ ಓಟದಲ್ಲಿ ಡಿಸ್ಕನ್ನು ಕೆದಕಿ ಕೆದಕಿ ಓದುತ್ತದೆ,
ಎರಡನೆಯದರಲ್ಲಿ ಬಾಯಿಪಾಠ ಒಪ್ಪಿಸುತ್ತದೆ.
ಆ ರಾತ್ರಿಯೇ ಪಾವಿಗೆ ಹೊಸ ಆಯ್ಕೆ: ನೆನೆಸು, ಮೂರು ಸಲ.
ಅಂಕಿಗಳು ಮದರಸಾದ ಮಕ್ಕಳಂತೆ ಒತ್ತಾಗಿ ಕೂತವು.
ನನ್ನ ಪ್ರೋಗ್ರಾಮು ಗೆದ್ದಿತು.
ಸಾಹೇಬರು ಖರ್ಜೂರ ಹಂಚಿದರು.

ನಾಸಿರ್ ಬೀಜ ಉಗುಳಿ ಕೇಳಿದ:
ನಿನ್ನ ಬಿಲ್ಲು ತಿಂಗಳಿಗೆಷ್ಟು ಸಲ ಓಡುತ್ತೆ?
ಒಂದೇ ಸಲ.
ಹಾಗಾದರೆ ಕಾಲುವೆ ಯಾವಾಗಲೂ ಒಣಗೇ ಇರುತ್ತಲ್ಲ.
ನಮ್ಮ ತೋಟ ತುದಿಯಲ್ಲಿತ್ತು ತಸ್ನೀಮ್,
ಕಾಲುವೆ ಕುಡಿದದ್ದೆಲ್ಲ ನಮ್ಮ ಪಾಲಿನದೇ.

ಮರುವಾರ ಇನ್ನೊಂದು ಆಯ್ಕೆ: ಮರೆಸು.
ಪ್ರತಿ ಓಟಕ್ಕೂ ಮುಂಚೆ ಯಂತ್ರದ ನೆನಪು ಒರೆಸಿ ಅಳೆ.
ಹಳೆಯದೇ ಕೂದಲೆಳೆಯಷ್ಟು ಮುಂದೆ ಬಂತು.
ಹೋಗಿ ಹೇಳಿದೆ. ಸಾಹೇಬರು ಕನ್ನಡಕ ತೆಗೆದರು, ಹಾಕಿಕೊಂಡರು,
ಖರ್ಜೂರ ವಾಪಸ್ಸು ಕೇಳಲಿಲ್ಲ.

ಈಗ ಅದು ನಾಲ್ಕು ಸಾವಿರ ಸಾಲು.
ನಾನು ಕಾಣದ ಊರುಗಳ ಕೈಗಳಿವೆ ಅದರಲ್ಲಿ.
ಎಷ್ಟು ಓಟ ಬಾಕಿ ಎಂದು ತೋರುವ ಬಣ್ಣದ ಪಟ್ಟಿ ಬುಸಾನಿನವನದು.
ಗಡಿಯಾರವೇ ಹಿಂದಕ್ಕೆ ನಡೆದರೆ? ಎಂದು ಹೆದರಿಸಿ
ಮದ್ದನ್ನೂ ಕಳಿಸಿದವಳು ಲಿಮಾದವಳು.
ನಿನ್ನೆ ಇನ್ನೊಬ್ಬ ಬರೆದ:
ನಿಮ್ಮ ಪಾವು ಹಾಸಿಗೆ ಬಿಟ್ಟೇಳುವುದಕ್ಕೇ ಮೂರು ಮಿಲಿಸೆಕೆಂಡು,
ಅದನ್ನೂ ಪಾಪದವರ ಲೆಕ್ಕಕ್ಕೆ ಬರೆಯುತ್ತದೆ.

ಫುಪ್ಪುವಿನ ಹೆಬ್ಬೆರಳು.
ಅಳೆಯುವಾಗ ಪಾವಿನ ಒಳಗೇ ಇರುತ್ತಿತ್ತು,
ಹತ್ತು ಮಂಡಕ್ಕಿಯ ಜಾಗದಲ್ಲಿ.
ಕೇಳಿದರೆ ಕಣ್ಣು ಕೆಕ್ಕರಿಸಿ:
ಬೆರಳಿಲ್ಲದೆ ಪಾವು ಹಿಡಿಯೋದು ಹೆಂಗೆ ಬೇಟಿ?

ಏನೂ ಮಾಡದ ಖಾಲಿ ಆಜ್ಞೆಯೊಂದನ್ನು
ಸಾವಿರ ಸಲ ಓಡಿಸುತ್ತಿದ್ದೇನೆ, ಬೆರಳಿನ ಅಳತೆ ಸಿಗಲೆಂದು.
ಆರುನೂರ ಹನ್ನೆರಡನೆಯದು ಓಡುತ್ತಿದೆ.
ಏಸಿ ಈಗಷ್ಟೇ ನಿಂತಿತು.