ಒಂದೇ ಗೆರೆ

ಜ್ವರದ ನಾಲ್ಕನೇ ದಿನ ಬಂದಳು ಅವಿನೊ,
ಎಂಬಿತಾ ದಡದಲ್ಲಿ ಒಮೆನಾ ಒಣಗಿಸುವವಳು.
ಮುಂಗೈಗೆ ಅಂಟಿದ ಬೆಳ್ಳಿ ಹುರುಪೆ ಹಾಗೇ ಇತ್ತು.
ಮಲೇರಿಯಾ, ಎಂದಳು ತಾನೇ.
ಇಲ್ಲಿ ಎಲ್ಲ ಜ್ವರಕ್ಕೂ ಅದೇ ಹೆಸರು.
ಮಲೇರಿಯಾ ಇರಲಿಲ್ಲ.
ಇನ್ನೊಂದು ಪಟ್ಟಿಯ ಮೇಲೂ ಒಂದೇ ಗೆರೆ;
ನೋಡಿ, ಅದೂ ಇಲ್ಲ, ಎಂದು ನಕ್ಕಳು.

ನಾನು ನಗಲಿಲ್ಲ.
ಕತ್ತಿನಲ್ಲಿ ಹುಣಸೆಬೀಜದಷ್ಟು ಗಂಟುಗಳು,
ಎದೆಯ ಮೇಲೆ ತೆಳು ಕೆಂಪು ದದ್ದು.
ಇನ್ನೊಂದು ಸೀಸೆ ರಕ್ತ ತೆಗೆದು ಕಿಸುಮುವಿಗೆ ಕಳಿಸಿದೆ,
ಐಸಿನ ಡಬ್ಬಿಯಲ್ಲಿ, ಯಾರದೋ ಮೀನಿನ ಬುಟ್ಟಿಯ ಪಕ್ಕ.

ಯಾವಾಗ, ಎಂದರೆ ಅವಳು ತಾರೀಖು ಹೇಳುವವಳಲ್ಲ.
ಹುಣ್ಣಿಮೆಗೆ, ಎಂದಳು.
ಬೆಳದಿಂಗಳಲ್ಲಿ ದೋಣಿ ಇಳಿಯುವುದಿಲ್ಲ, ಗಂಡಸರು ದಡದಲ್ಲಿರುತ್ತಾರೆ.
ಮೀನು ಕೊಡುವವನಿಗೆ ದುಡ್ಡೊಂದೇ ಸಾಲುವುದಿಲ್ಲ.
ಆಮೇಲೆ ಕಿಟಕಿಯ ಕಡೆ ತಿರುಗಿದಳು.

ಅವತ್ತು ಅಮಾವಾಸ್ಯೆ.
ರಾತ್ರಿ ಸರೋವರದ ತುಂಬ ದೀಪ ತೇಲುತ್ತಿತ್ತು.
ಬೆಳಕು ಕಂಡರೆ ಒಮೆನಾ ಮುತ್ತುತ್ತದೆ,
ಬಲೆ ಇರುವುದೂ ಅಲ್ಲೇ.

ಅವಳ ಕರುಳಿನಲ್ಲೂ ಈಗ ಇದೇ ನಡೆದಿದೆ.
ನುಗ್ಗಿದ್ದು ಒಂದೇ ಕಣವಿರಬಹುದು.
ಕಾವಲಿನವರು ದೀಪ ಹಚ್ಚಿ ಕೂಗಿದರು,
ಕೂಗಿಗೆ ಓಡಿ ಬಂದವು ಸಿಡಿ-ಫೋರ್ ಕೋಶಗಳು,
ಹಳೇ ಕಾಯಿಲೆಗಳ ಮುಖ ಮರೆಯದ ಹಿರಿಯವೇ ಮೊದಲು.
ಬಂದವೆಲ್ಲ ಬುತ್ತಿಯಾದವು.
ಇನ್ನೆರಡು ವಾರ ಬಿಟ್ಟರೆ ಕರುಳ ಗೋಡೆಯ ಬೀದಿ ಖಾಲಿ;
ತೋಳಿನ ರಕ್ತಕ್ಕೆ ಅರ್ಧ ಸುದ್ದಿಯೂ ಮುಟ್ಟಿರುವುದಿಲ್ಲ.
ಕೊಲ್ಲುವ ಕೋಶಗಳು ಹಿಂಡುಹಿಂಡಾಗಿ ಎದ್ದು
ಹೊಡೆಯುತ್ತವೆ, ತಕ್ಕಮಟ್ಟಿಗೆ ಗೆಲ್ಲುತ್ತವೆ,
ಜ್ವರ ಇಳಿಯುತ್ತದೆ, ಅವಳು ವಾಸಿಯಾಯಿತು ಅನ್ನುತ್ತಾಳೆ.
ಪ್ರತಿಕಾಯಗಳೋ,
ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಬರುವವು.
ನನ್ನ ಒಂದೇ ಗೆರೆಯ ಅರ್ಥ ಅಷ್ಟೇ:
ಬಾಗಿಲಿನವನು ಇನ್ನೂ ಎದ್ದಿಲ್ಲ.

ಮೂರನೇ ದಿನ ಕಿಸುಮುವಿನಿಂದ ಫೋನು.
ಒಂದು ಮಿಲಿಲೀಟರಿಗೆ ನಲವತ್ತು ಲಕ್ಷ.
ಅಂಕಿಯನ್ನು ಅವಳಿಗೆ ಹೇಳಲಿಲ್ಲ, ಹೆಸರನ್ನಷ್ಟೇ ಹೇಳಿದೆ.
ಬೇಗ ಬಂದೆ, ಅದೇ ಒಳ್ಳೆಯದು, ಎಂದೆ. ನಿಜವೇ.
ಗುಳಿಗೆ ಇವತ್ತೇ ಶುರು; ಹೊಸ ದೀಪಗಳು ಹತ್ತುವುದಿಲ್ಲ.
ಆದರೆ ಕೆಲವು ಕೋಶ ಆಗಲೇ ಮಲಗಿವೆ,
ಮಡಿಲಲ್ಲಿ ಅದನ್ನು ಇಟ್ಟುಕೊಂಡು,
ಗುಳಿಗೆಯ ಕಣ್ಣಿಗೆ ಬೀಳದ ನಿದ್ದೆ.
ಅದಕ್ಕೇ ದಿನಾ ತಗೋಬೇಕು, ಎಂದೆ. ಎಷ್ಟು ದಿನ?
ದಿನಾ.

ಅಳುತ್ತಾಳೆಂದು ಕುರ್ಚಿ ಹತ್ತಿರ ಎಳೆದೆ.
ಅವಳು ಡಬ್ಬಿಯನ್ನು ಕಿವಿಯ ಬಳಿ ಹಿಡಿದು
ಮೆಲ್ಲಗೆ ಅಲ್ಲಾಡಿಸಿದಳು. ಗಿಲಗಿಲ ಅಂದಿತು.
ಸ್ವಲ್ಪ ಹತ್ತಿ ಇದ್ದರೆ ಕೊಡಿ, ಎಂದಳು.