ಕಾಲು ಬನ್ನಿ

ಡರ್ಬನ್. ಶುಕ್ರವಾರ. ಒಂದೂಕಾಲು.
ಮಾರ್ಕೆಟ್ಟಿನ ಮಗ್ಗುಲ ಕಮಾನು ಓಣಿಯಲ್ಲಿ
ಸರತಿ ಸಾಲು ಬಾಗಿಲು ದಾಟಿ, ಅಗರಬತ್ತಿ ಅಂಗಡಿ ದಾಟಿ,
ಮೊಬೈಲ್ ರಿಪೇರಿಯವನ ಸ್ಟೂಲಿಗೆ ತಾಗಿ ನಿಂತಿದೆ.
ಸಮುದ್ರದ ಜಿಗುಟು ಗಾಳಿ, ಕತ್ತಿಗಂಟಿದ ಕಾಲರು.
ಎಲ್ಲರ ಮುಷ್ಟಿಯಲ್ಲೂ ನಾಲ್ಕು ಮಡಿಕೆಯ ನೋಟು,
ಎಲ್ಲರ ಮುಖದಲ್ಲೂ
ಮುಂದಿನವರು ಬೇಗ ಹೇಳಿ ತೊಲಗಬಾರದೇ ಎಂಬ
ಸಾತ್ವಿಕ ಸಿಟ್ಟು.

ಗಲ್ಲಾದಲ್ಲಿ ರಂಜನ್‌ಬೆನ್.
ಕನ್ನಡಕ ಹಣೆಗೇರಿಸಿ ತಲೆ ಎತ್ತದೆ ಕೇಳುತ್ತಾಳೆ:
ಕಾಲೋ? ಅರೆಯೋ?
ಇಡಿ ಕೇಳುವವರು ಎರಡೇ ಜಾತಿ:
ಬಂದರಿನ ಹಮಾಲರು, ಪರೀಕ್ಷೆ ಫೇಲಾದ ಹುಡುಗರು.

ಒಳಗೆ ಮ್ಬೂಸೊ ಬ್ರೆಡ್ಡಿನ ಹೊಟ್ಟೆ ಕೊರೆಯುತ್ತಾನೆ,
ಬಾವಿ ತೋಡುವವನ ಗಾಂಭೀರ್ಯ.
ಗೋಡೆ ಒಡೆಯಬಾರದು, ತಳ ತೂತಾಗಬಾರದು.
ಆಮೇಲೆ ಸೌಟು. ಶುಗರ್ ಬೀನ್ಸು, ಕೆಂಪಗೆ, ಮಂದಗೆ,
ಪ್ರತಿ ಮನೆಯವರೂ ನಮ್ಮ ಅಜ್ಜಿಯೇ ಹಡಗಿನಲ್ಲಿ ತಂದಳೆಂದು
ಕೊಚ್ಚಿಕೊಳ್ಳುವ ಮಸಾಲೆ.
ತೆಗೆದ ತಿರುಳನ್ನು ಮೇಲಿಡುತ್ತಾನೆ, ಟೋಪಿ ಹಾಗೆ.
ಪಕ್ಕಕ್ಕೆ ಕ್ಯಾರೆಟ್ ತುರಿ, ಹಸಿಮೆಣಸು, ವಿನೆಗರ್.

ನಾನು ಸಲೋಶ್ನಿ, ವಕೀಲರ ಕಚೇರಿಯ ಟೈಪಿಸ್ಟು.
ಐದನೆಯ ತಲೆಮಾರು. ತಮಿಳು ಬಾರದು.
ಬೈಗುಳ ಎರಡು, ತರಕಾರಿ ಹೆಸರು ಆರು,
ಮತ್ತೆ ಕೋಲಾರದ ಕಡೆಯಿಂದ ಕಬ್ಬಿನ ತೋಟಕ್ಕೆ ಬಂದ
ಒಬ್ಬ ಮುತ್ತಜ್ಜಿಯ ಒಂದೇ ಒಂದು ಮಾತು:
ಬನ್ನಿ.
ಬಾಗಿಲಲ್ಲಿ ನಿಂತವರಿಗೆ ಹೇಳುವುದಂತೆ.
ಪಿತ್ರಾರ್ಜಿತ ಇಷ್ಟೇ.
ಈ ಬ್ರೆಡ್ಡಿಗೂ ಇಲ್ಲಿ ಅದೇ ಹೆಸರು ಬಿದ್ದದ್ದು ಹೇಗೋ,
ಕೇಳಿದರೆ ಒಬ್ಬೊಬ್ಬರದು ಒಂದೊಂದು ಕತೆ.

ಕಿಟಕಿ ಪಕ್ಕ ಒಂದೇ ಕುರ್ಚಿ ಖಾಲಿ.
ಎದುರಿಗೆ ಕಂದು ಸೂಟಿನ ಮುದುಕ, ಹ್ಯಾಟು ಮೊಣಕಾಲ ಮೇಲೆ.
ಕೂರಲೇ ಅಂದೆ. ಹೆಸರು ಹೇಳಿದ, ಅನುಮತಿಯ ಹಾಗೆ:
ಎನ್‌ದ್ವಾಂದ್ವೆ.
ಎಷ್ಟು ನಿಧಾನ ತಿನ್ನುತ್ತಾನೆಂದರೆ
ಹಿಂದೆ ತಟ್ಟೆ ಹಿಡಿದು ನಿಂತ ಹುಡುಗ
ಒಮ್ಮೆ ಕೆಮ್ಮಿದ. ಇನ್ನೊಮ್ಮೆ ಕೆಮ್ಮಿದ.
"ಗಂಟಲು ಕೆಟ್ಟಿದ್ದರೆ ಔಷಧಿ ಅಂಗಡಿ ಎದುರಿಗಿದೆ,"
ಗಲ್ಲಾದಿಂದ ರಂಜನ್‌ಬೆನ್, ಈಗಲೂ ತಲೆ ಎತ್ತದೆ.

ಮುದುಕ ಬೆರಳು ನೆಕ್ಕಿದ.
"ಹದಿನಾರಕ್ಕೆ ಬಂದೆ ಈ ಬೀದಿಗೆ, ಜವಳಿ ಗಂಟು ಹೊರಲು.
ಈ ಬಾಗಿಲು ನಮಗಿರಲಿಲ್ಲ. ಹಿತ್ತಿಲ ಕಿಂಡಿ.
ಕಾಸು ಒಳಗೆ, ಬ್ರೆಡ್ಡು ಹೊರಗೆ.
ತಟ್ಟೆ ಕೊಡುತ್ತಿರಲಿಲ್ಲ, ಬ್ರೆಡ್ಡೇ ತಟ್ಟೆ.
ಮಳೆಯಲ್ಲಿ ನಿಂತು ತಟ್ಟೆಯನ್ನೂ ತಿಂದು ಹೋದೆವು."

ಆಗಿನ ಕಾನೂನು ಹಾಗಿತ್ತು, ಅಂದೆ.
ಕಾನೂನು ಟೈಪು ಮಾಡುವವಳು ಇನ್ನೇನೆಂದಾಳು.

"ಹೌದು ಮಗಳೇ. ಕಾನೂನು ಅವರದು.
ಕಿಂಡಿಯ ಚಿಲಕ ಮಾತ್ರ ನಿಮ್ಮವರದು."
ನಕ್ಕ. ಹಸಿಮೆಣಸು ಕಚ್ಚಿ ಕಣ್ಣೊರೆಸಿಕೊಂಡ,
ಮೆಣಸಿಗೇ ಇರಬೇಕು.

ಬನ್ನಿ ಕೊಟ್ಟರು. ಬನ್ನಿ ಅನ್ನಲಿಲ್ಲ.
ಇದನ್ನು ಅವನ ಭಾಷೆಯಲ್ಲಿ ಹೇಳಲು ಬರಲಿಲ್ಲ ನನಗೆ,
ನನ್ನದರಲ್ಲೂ.
ನನ್ನ ಟೋಪಿಯನ್ನು ಮುರಿದು ಅವನತ್ತ ಸರಿಸಿದೆ.
ಬೇಡವೆಂದ. ತನ್ನದರಲ್ಲೇ ಮುಳುಗಿಸಿ,
ತಳದ ಕೊನೆಯ ಒದ್ದೆ ಕಂದು ಚೂರನ್ನೂ ಬಳಿದು ತಿಂದು,
ಕುರ್ಚಿಗೆ ಒರಗಿ,
ಚಹಾ ಹೇಳಿದ.
ಹಿಂದೆ ಆ ಹುಡುಗ ಕಾಲು ಬದಲಿಸಿದ.

ಎರಡಕ್ಕೆ ಐದು ನಿಮಿಷ. ಗಬಗಬ ತಿಂದು ಓಡಿದೆ.
ಮಧ್ಯಾಹ್ನ ಹೊಡೆದ ಅಫಿಡವಿಟ್ಟಿನ ಅಂಚಿಗೆ
ಅರಿಸಿನದ ಹೆಬ್ಬೆಟ್ಟು ಬಿದ್ದಿತ್ತು.
ಇದು ಯಾರದು ಅಂದರು ವಕೀಲರು.
ಇನ್ನೊಂದು ಪ್ರತಿ ತೆಗೆದೆ.
ಅದನ್ನು ಬಿಸಾಡಲಿಲ್ಲ.